ಬೃಂದಾವನದ ಹಳೆಯ ಆಕರ್ಷಣೆಗಳನ್ನು ಉಳಿಸಿಕೊಡುವಂತೆ ಮನವಿ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಕಾವೇರಿ ನೀರಾವರಿ ನಿಗಮ ನಿಯಮಿತ

ಇಂದ,
ಶ್ರೀರಂಗಪಟ್ಟಣ, ಪಾಂಡವಪುರ ಮತ್ತು ಮೈಸೂರು ತಾಲ್ಲೂಕುಗಳ ರೈತರು ಹಾಗೂ ನಾಗರಿಕರು

ವಿಷಯ: ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದಲ್ಲಿ ಮನರಂಜನಾ ಪಾರ್ಕ್ ನಿರ್ಮಿಸುವ ಯೋಜನೆ ಕುರಿತು.

ಮಾನ್ಯರೇ,

ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ 2,663 ಕೋಟಿ ರೂಪಾಯಿಯ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. 2018ರಲ್ಲೂ ಇಲ್ಲಿಗೆ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್ ತರುವ ಮಾತು ನಡೆದಿತ್ತು. ಬೃಂದಾವನ ಅಭಿವೃದ್ಧಿಯಾಗಲಿ ಎಂಬುದು ನಮ್ಮ ಆಸೆಯೂ ಹೌದು. ಆದರೆ ಇರುವುದನ್ನು ತೆಗೆದು ಆ ಜಾಗದಲ್ಲಿ ರೈಡ್‌ಗಳನ್ನು ನಿಲ್ಲಿಸುವುದಕ್ಕೂ, ಅಣೆಕಟ್ಟೆಯ ಮಗ್ಗುಲಲ್ಲಿ ಭಾರೀ ಕಟ್ಟಡಗಳನ್ನು ಎಬ್ಬಿಸುವುದಕ್ಕೂ ನಮ್ಮ ಸ್ಪಷ್ಟ ವಿರೋಧವಿದೆ.

ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಸಿದ ತೋಟವಿದು. 1927ರಲ್ಲಿ ಶುರುವಾದ ಕೆಲಸ 1932ರ ಹೊತ್ತಿಗೆ ಮುಗಿಯಿತು. ಕಟ್ಟೆಯ ಬುಡದಿಂದ ಹಂತಹಂತವಾಗಿ ಇಳಿಯುವ ಅಂಗಳಗಳು, ನಡುವೆ ಹರಿಯುವ ನೀರು, ಕತ್ತಲಾಗುತ್ತಲೇ ಹತ್ತಿಕೊಳ್ಳುವ ಬಣ್ಣದ ದೀಪಗಳು: ಇದನ್ನು ನೋಡಲೆಂದೇ ಉತ್ತರ ಕರ್ನಾಟಕದ ಹಳ್ಳಿಶಾಲೆಯ ಮಕ್ಕಳು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುತ್ತಾರೆ. ಜಯಂಟ್ ವೀಲ್, ನೀರಿನ ಜಾರುಬಂಡೆ ಬೇಕೆನ್ನುವವರಿಗೆ ಕೆಆರ್‌ಎಸ್ ರಸ್ತೆಯಲ್ಲೇ ಒಂದು ಪಾರ್ಕ್ ಇದೆ, ಬಿಡದಿಯಲ್ಲಿ ಇನ್ನೊಂದಿದೆ. ಬೃಂದಾವನ ಮಾತ್ರ ಇನ್ನೆಲ್ಲೂ ಇಲ್ಲ.

ಡಿಸ್ನಿಯ ಹೆಸರು ಮತ್ತೆಮತ್ತೆ ಬರುವುದರಿಂದ ಒಂದು ಮಾತು. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 1971ರಿಂದ ಇದ್ದ ಕೃತಕ ನದಿಯನ್ನೂ ಅದರಲ್ಲಿ ಓಡುತ್ತಿದ್ದ ಹಬೆದೋಣಿಯನ್ನೂ 2025ರ ಜುಲೈನಲ್ಲಿ ಮುಚ್ಚಿದರು. ಕಾರುಗಳ ಸಿನಿಮಾ ಆಧರಿಸಿದ ರೈಡ್‌ಗಳಿಗೆ ಆ ಜಾಗ ಬೇಕಾಗಿತ್ತು. ಸುತ್ತ ಸಾವಿರಾರು ಎಕರೆ ಸ್ವಂತ ಭೂಮಿಯಿದ್ದ ಕಂಪನಿಯೇ ಹಳೆಯದನ್ನು ಅಳಿಸಿ ಹೊಸದು ಕಟ್ಟುವ ದಾರಿ ಹಿಡಿಯಿತು. ಅದು ಅವರೇ ತೋಡಿಕೊಂಡ ನದಿ, ಅವರ ಆಸ್ತಿ. ಇಲ್ಲಿರುವುದು ಕಾವೇರಿ. ತೋಟವೂ ಜನರದೇ.

ಅಣೆಕಟ್ಟೆಯ ವಿಷಯ ಇದಕ್ಕಿಂತ ದೊಡ್ಡದು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಈ ಕಟ್ಟೆ 124.80 ಅಡಿ ತುಂಬಿದಾಗ 49 ಟಿಎಂಸಿಗೂ ಹೆಚ್ಚು ನೀರನ್ನು ತಡೆದು ನಿಲ್ಲಿಸುತ್ತದೆ. ಮಂಡ್ಯದ ಗದ್ದೆಗಳೂ ಬೆಂಗಳೂರಿನ ನಲ್ಲಿಗಳೂ ಅದನ್ನೇ ನಂಬಿವೆ. ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತು. ದೂರದ ಕ್ವಾರಿಯ ಸ್ಫೋಟಕ್ಕೇ ಇಷ್ಟು ಎಚ್ಚರ ಬೇಕೆಂದಾದರೆ, ಕಟ್ಟೆಯ ಕೆಳಗೇ ಅಡಿಪಾಯ ಅಗೆಯುವುದನ್ನು ಒಪ್ಪುವುದು ಹೇಗೆ? ನದಿಯ ಕೆಳಭಾಗದಲ್ಲಿರುವ ರಂಗನತಿಟ್ಟು 2022ರಿಂದ ರಾಮ್ಸರ್ ತಾಣ. ಅಲ್ಲಿನ ಹಕ್ಕಿಗಳ ಬಗ್ಗೆಯೂ ಯೋಜನೆ ಉತ್ತರ ಕೊಡಬೇಕು.

ಆದ್ದರಿಂದ ತೋಟದ ಅಂಗಳ, ಕಾಲುವೆ, ಕಾರಂಜಿ, ದೀಪಾಲಂಕಾರ ಯಾವುದನ್ನೂ ತೆಗೆಯುವುದಿಲ್ಲವೆಂದು ನಿಗಮ ಲಿಖಿತವಾಗಿ ತಿಳಿಸಬೇಕು. ಮೊದಲ ಹಣ ಇವುಗಳ ದುರಸ್ತಿಗೆ, ಶೌಚಾಲಯಕ್ಕೆ, ಕುಡಿಯುವ ನೀರಿಗೆ, ವಾಹನ ನಿಲುಗಡೆಗೆ ಖರ್ಚಾಗಬೇಕು. ಹೊಸ ರೈಡ್‌ಗಳು ಬೇಕೇ ಬೇಕೆಂದಾದರೆ ಅವು ಅಣೆಕಟ್ಟೆಯಿಂದ ದೂರದ ಬೇರೆ ಜಾಗಕ್ಕೆ ಹೋಗಲಿ. ಹಳೆಯ ತೋಟದ ಟಿಕೆಟ್ ದರ ಖಾಸಗಿ ಪಾಲುದಾರರ ಕೈಗೆ ಹೋಗಬಾರದು. ಕೂಲಿ ಮಾಡುವವರ ಮನೆಯವರೆಲ್ಲ ಒಟ್ಟಿಗೆ ಒಳಗೆ ಬರುವಷ್ಟು ಅದು ಕಡಿಮೆಯೇ ಇರಬೇಕು.

ಯೋಜನೆಯ ಪೂರ್ಣ ವರದಿಯನ್ನೂ ಅಣೆಕಟ್ಟೆ ಸುರಕ್ಷತೆ ಕುರಿತ ತಜ್ಞರ ಅಭಿಪ್ರಾಯವನ್ನೂ ಕನ್ನಡದಲ್ಲಿ ಪ್ರಕಟಿಸಿ, ಶ್ರೀರಂಗಪಟ್ಟಣ ಮತ್ತು ಪಾಂಡವಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ಕರೆಯಬೇಕು. ಅಲ್ಲಿಯವರೆಗೆ ಸ್ಥಳದಲ್ಲಿ ಯಾವ ಕಾಮಗಾರಿಯನ್ನೂ ಆರಂಭಿಸಬಾರದೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ರೈತರು ಹಾಗೂ ನಾಗರಿಕರು)