ಮಧ್ಯಾಹ್ನದ ಎರಡು ತಾಸು

ಸಂಸಾರದಲ್ಲಿ ಎಲ್ಲರ ಹೊತ್ತಿಗೂ ಒಂದು ಲೆಕ್ಕವುಂಟು. ಯಜಮಾನರ ಹೊತ್ತಿಗೆ ಕಚೇರಿಯ ಲೆಕ್ಕ, ಮಕ್ಕಳ ಹೊತ್ತಿಗೆ ಶಾಲೆಯ ಗಂಟೆಯ ಲೆಕ್ಕ, ಮನೆಯ ಹಿರಿಯರ ಹೊತ್ತಿಗೆ ಜಪತಪ, ಔಷಧ, ಆಕಾಶವಾಣಿಗಳ ಲೆಕ್ಕ. ಲೆಕ್ಕವೇ ಇಲ್ಲದ ಹೊತ್ತೆಂದರೆ ತಾಯಿಯದು. ಅದು ಎಲ್ಲರಿಗೂ ಸೇರಿದ್ದು. ಊರ ಬಾವಿಯಂತೆ ಯಾರು ಬೇಕಾದರೂ ಕೊಡ ಇಳಿಸಬಹುದು. ಆದರೂ ಒಂದೂವರೆಯಿಂದ ಮೂರೂವರೆಯವರೆಗೆ, ಊಟದ ಪಾತ್ರೆಗಳು ತೊಳೆದು ಬೋರಲು ಬಿದ್ದಮೇಲೆ, ಶಾಲೆಯ ಮಗ ಮನೆಗೆ ಬರುವ ಮೊದಲು, ಎರಡು ತಾಸು ಯಾರ ಕೈಗೂ ಸಿಕ್ಕದೆ ಉಳಿದುಬಿಡುತ್ತದೆ. ಬಹುಮಟ್ಟಿಗೆ ಅದು ನಿದ್ದೆಗೆ ಹೋಗುತ್ತದೆ, ಇಲ್ಲವೇ ದೂರದರ್ಶನಕ್ಕೆ. ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ ಮಾತ್ರ ಏಳು ವರ್ಷಗಳಿಂದ ಅದು ಒಂದು ಕಪ್ಪು ಸೀರೆಗೆ ಹೋಗುತ್ತಿದೆ.

ಆ ಮನೆಯ ತಾಯಿಗೆ ಈಗ ನಲವತ್ತೇಳು. ಪತಿ ಬ್ಯಾಂಕಿನ ಉದ್ಯೋಗಿ. ಮಗಳು ಎಂಜಿನಿಯರಿಂಗಿನ ಕೊನೆಯ ವರ್ಷದವಳು. ಮಗ ಎಂಟನೆಯ ಇಯತ್ತೆ. ಅತ್ತೆಯವರು ಧಾರವಾಡದ ಆಕಾಶವಾಣಿ ಆರಂಭವಾದ 1950ರಲ್ಲಿಯೇ ಹುಟ್ಟಿದವರು. ಆ ಕಾರಣಕ್ಕೋ ಏನೋ, ರೇಡಿಯೋದ ಮೇಲೆ ಅವರಿಗೆ ಒಡಹುಟ್ಟಿದವರ ಮೇಲಿರುವಂಥ ಮಮತೆ. ಇಷ್ಟು ಜನರ ಮನೆವಾರ್ತೆ ನಡೆಯುವುದು ಬೆಳಗಿನ ಐದೂವರೆಗೆ ಹತ್ತುವ ಒಂದು ಒಲೆಯ ಮೇಲೆ.

ರೊಟ್ಟಿಯ ಸಂಗತಿಯನ್ನೇ ನೋಡಿರಿ. ತಟ್ಟಿದರೆ ರೊಟ್ಟಿ ಆಗಿಬಿಡುತ್ತದೆಂದು ತಿನ್ನುವವರು ಭಾವಿಸುತ್ತಾರೆ. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿಗಿರುವ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿದರಷ್ಟೇ ಅದಕ್ಕೆ ಜಿಗಿ ಬರುವುದು. ಹಿಟ್ಟು ಹಳತಾದರೆ ಎಸರಿಗೂ ಜಗ್ಗುವುದಿಲ್ಲ, ಹಂಚಿನ ಮೇಲೆ ಹಾಕುವಷ್ಟರಲ್ಲಿ ಅಂಚು ಬಿರಿದು ನಕಾಶೆಯಾಗುತ್ತದೆ. ಆದ್ದರಿಂದ ಎಂಟು ದಿನಕ್ಕೊಮ್ಮೆ ಗಿರಣಿಗೆ ಹೋಗಬೇಕು. ಗಿರಣಿಯಲ್ಲಿ ಮುಂದಿನವರು ಕಡಲೆಬೇಳೆ ಬೀಸಿಸಿದ್ದರೆ ಅದರ ಪಾಲು ನಮ್ಮ ಜೋಳದಲ್ಲಿ, ನಮ್ಮ ಜೋಳದ ಪಾಲು ಹಿಂದಿನವರ ಗೋದಿಯಲ್ಲಿ. ಈ ನ್ಯಾಯವನ್ನು ಯಾವ ಕೋರ್ಟೂ ಬಗೆಹರಿಸಿಲ್ಲ. ತಾಳ್ಮೆಯಿದ್ದವರು ನಾಲ್ಕು ಮಂದಿ ಜೋಳದವರು ಸೇರುವವರೆಗೆ ಬಾಗಿಲಲ್ಲಿ ಕಾದು ನಿಲ್ಲುತ್ತಾರೆ.

ನೀರಿನ ಕಥೆ ಇದಕ್ಕಿಂತ ದೊಡ್ಡದು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲಿಯೇ ದಿನದ ಇಪ್ಪತ್ತನಾಲ್ಕು ತಾಸೂ ನೀರು ಕೊಡುವ ಏರ್ಪಾಡು ಬಂದಿತು. ಆ ಭಾಗ್ಯ ಬಾರದ ಓಣಿಗಳಲ್ಲಿ ನಳ ಬರುವುದೆಂದರೆ ಅಳಿಯ ಬಂದಂತೆ: ಬರುವ ದಿನ ಗೊತ್ತು, ಹೊತ್ತು ಗೊತ್ತಿಲ್ಲ, ಬಂದಾಗ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ಓಣಿಯ ತುದಿಯಿಂದ ‘ನಳ ಬಂದಾವ್ರೀ’ ಎಂಬ ಕೂಗು ಎದ್ದೊಡನೆ ಒಲೆಯ ಮೇಲಿನ ಹಾಲು, ಅರ್ಧ ಮಾತಾಡಿದ ಫೋನು, ತಲೆಗೆ ಹಚ್ಚಿದ ಎಣ್ಣೆ ಎಲ್ಲವೂ ಎಲ್ಲಿದ್ದವೋ ಅಲ್ಲಿಯೇ ನಿಲ್ಲುತ್ತವೆ. ಮೊದಲು ಕುಡಿಯುವ ನೀರು, ಆಮೇಲೆ ಹಂಡೆ, ಆಮೇಲೆ ಡ್ರಮ್ಮು, ಕಡೆಗೆ ತುಳಸಿಯ ಗಿಡ. ಈ ಅನುಕ್ರಮವನ್ನು ತಪ್ಪಿಸಿದ ದಿನವೇ ನೀರು ನಡುವೆ ನಿಲ್ಲುವುದು ಎಂಬುದು ಓಣಿಯವರೆಲ್ಲರ ಅನುಭವ.

ಇಂಥ ದಿನಚರಿಯ ನಡುವೆ ಕಸೂತಿಗೆ ಮನಸ್ಸು ಹೇಗೆ ಬರುತ್ತದೆಂದು ಕೇಳುವವರುಂಟು. ಕೇಳುವವರು ಕಸೂತಿ ತೆಗೆದವರಲ್ಲ. ಅದು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಅದರ ಮೇಲೆ ಸೂಜಿ ಓಡಿಸುವ ಕೆಲಸವಲ್ಲ. ಪೆನ್ಸಿಲಿನ ಗುರುತು ಕೂಡ ಇಲ್ಲದೆ, ನೇಯ್ಗೆಯ ಎಳೆಗಳನ್ನೇ ಎಣಿಸುತ್ತ ಗೋಪುರ, ತೇರು, ಅಂಬಾರಿಯ ಆನೆ, ತುಳಸಿಯ ಕಟ್ಟೆ, ನವಿಲುಗಳನ್ನು ಎಬ್ಬಿಸಬೇಕು. ಹೊಲಿಗೆಗಳು ನಾಲ್ಕೇ: ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ. ನೇಯ್ಗಿ ಹೆಸರಿಗೆ ತಕ್ಕಂತೆ ನೇಯ್ದ ಹಾಗೆ ಕಾಣುತ್ತದೆ. ಮೆಂತಿಯಲ್ಲಿ ದಾರ ಅಡ್ಡಡ್ಡ ಹಾಯ್ದು ಮೆಂತ್ಯದ ಕಾಳಿನಂತೆ ಕೂರುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಲ್ಲಕ್ಕೂ ತಾಯಿಯಂತಿರುವ ಗಾವಂತಿಯದು ಹೋಗಿ ಬರುವ ದಾರಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಆಗ ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗುತ್ತವೆ. ಗಾವಂತಿ ಎಂಬ ಹೆಸರು ಗಂಟಿನಿಂದ ಬಂದಿತೆನ್ನುತ್ತಾರೆ; ಆದರೆ ಎಲ್ಲಿಯೂ ಗಂಟು ಕಾಣಬಾರದೆಂಬುದೇ ಅದರ ಮೊದಲ ಕಟ್ಟಳೆ. ಧಾರವಾಡದ ಸೀಮೆಯ ಈ ಕೈಕೆಲಸಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಯಂತ್ರದಿಂದ ತೆಗೆದ ಅಗ್ಗದ ಕಸೂತಿಯೂ ಅದೇ ಪೇಟೆಯಲ್ಲಿ, ಅದೇ ಹೆಸರಿನಲ್ಲಿ ಸಿಕ್ಕುತ್ತದೆ. ಎರಡನ್ನೂ ಬೇರೆಮಾಡುವ ಉಪಾಯ ಸುಲಭ. ಸೆರಗನ್ನು ತಿರುಗಿಸಿ ನೋಡಬೇಕು, ಅಷ್ಟೆ.

ಮಗಳು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಈ ಸೀರೆ ಆರಂಭವಾಯಿತು. ಅತ್ತೆಯವರ ಟ್ರಂಕಿನಲ್ಲಿ ಅವರ ತಾಯಿಯ ಕಾಲದ ಚಂದ್ರಕಾಳಿ ಸೀರೆಯೊಂದಿದೆ. ಕಪ್ಪು ಒಡಲು, ಮಡಿಕೆಗಳಲ್ಲಿ ಹರಿದು ಇನ್ನು ಉಡುವಂತಿಲ್ಲ, ಆದರೆ ಕಸೂತಿ ಮಾತ್ರ ನಿನ್ನೆ ತೆಗೆದಂತಿದೆ. ಅದನ್ನು ಮಂಚದ ಮೇಲೆ ಹರವಿ, ಒಂದೊಂದು ಗೋಪುರದ ಎಳೆ ಎಣಿಸಿ, ಹೊಸ ಇಳಕಲ್ ಸೀರೆಗೆ ಇಳಿಸಿಕೊಳ್ಳುವುದೆಂದು ಅತ್ತೆ ಸೊಸೆ ನಿಶ್ಚಯಿಸಿದರು. ಸೆರಗಿನ ಬಳಿ ದೊಡ್ಡ ಚಿತ್ರಗಳು, ಒಡಲಿಗೆ ಹೋಗುತ್ತ ಸಣ್ಣವು. ಒಡಲಿನ ಸಣ್ಣ ಚಿತ್ರಗಳು ಮುಗಿಯುವುದಕ್ಕೇ ಐದು ವರ್ಷ ಹಿಡಿಯಿತು. ನಡುವೆ ಮಾವನವರ ಕಾಯಿಲೆ ಬಂತು. ಒಂದು ವರ್ಷ ಸೀರೆ ಟ್ರಂಕಿನಿಂದ ಹೊರಬರಲೇ ಇಲ್ಲ. ಈಗ ಮಗಳಿಗೆ ಪುಣೆಯಲ್ಲಿ ಉದ್ಯೋಗ ನಿಶ್ಚಯವಾಗಿದೆ, ಜುಲೈ ತಿಂಗಳಲ್ಲಿ ಹೊರಡುತ್ತಾಳೆ. ಪುಣೆಯ ಗಾಜಿನ ಕಚೇರಿಗೆ ಇಳಕಲ್ ಸೀರೆ ಉಟ್ಟು ಹೋಗುವ ದಿನ ವರ್ಷಕ್ಕೆ ಎಷ್ಟು ಬಂದೀತು ಎಂಬುದು ಬೇರೆ ಮಾತು. ಅವಳ ಪೆಟ್ಟಿಗೆಯಲ್ಲಿ ಆ ಸೀರೆ ಇರಬೇಕು ಎಂಬುದು ತಾಯಿಯ ಹಟ.

ಈ ಹಟಕ್ಕೆ ಅಡ್ಡ ಬಂದದ್ದು ಗಿರಣಿಯಲ್ಲ, ನಳವಲ್ಲ, ನೆಂಟರೂ ಅಲ್ಲ, ಬೆಳಕು. ಮನೆಯಲ್ಲಿ ಬೆಳಕು ಕಡಿಮೆಯಾಗಿದೆಯೆಂದು ಆಕೆಗೆ ಕಳೆದ ದೀಪಾವಳಿಯಿಂದ ತೋರತೊಡಗಿತು. ಮೊದಲು ಪಡಸಾಲೆಯ ದೀಪ ಬದಲಾಯಿತು. ಆಮೇಲೆ ಆಕೆಯ ಚಾಪೆ ಕಿಟಕಿಯ ಬಳಿ ಸರಿಯಿತು, ಕಿಟಕಿಯಿಂದ ಹೊರಗಿನ ಕಟ್ಟೆಗೆ, ಕಟ್ಟೆಯಿಂದ ಮಾಳಿಗೆಗೆ. ಚೈತ್ರದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಂದು ಮಗ್ಗುಲಿಗೆ ಸಂಡಿಗೆ, ಇನ್ನೊಂದು ಮಗ್ಗುಲಿಗೆ ಆಕೆ, ನಡುವೆ ಮಂಗಗಳನ್ನು ಬೆದರಿಸಲು ಒಂದು ಕೋಲು. ಕಪ್ಪು ಬಟ್ಟೆಯ ಎಳೆ ಚೆನ್ನಾಗಿ ಕಾಣಲೆಂದು ತೊಡೆಯ ಮೇಲೆ ಬಿಳಿಯ ಪಂಚೆ ಹಾಸಿ ಅದರ ಮೇಲೆ ಸೀರೆ ಇಡುವುದು ಹಳೆಯ ಉಪಾಯ. ಆ ಬಿಳುಪೂ ಸಾಲದಾಯಿತು. ಬೇಳೆಯಲ್ಲಿ ಹರಳು ಉಳಿಯತೊಡಗಿದವು. ಫೋನನ್ನು ಕೈಚಾಚಿ ದೂರ ಹಿಡಿದು ಓದುವ ರೂಢಿಯಾಯಿತು. ಇದೆಲ್ಲ ಏನೆಂಬುದು ಮನೆಯ ಹೊರಗಿನ ಯಾರಿಗಾದರೂ ಒಂದೇ ಗಳಿಗೆಯಲ್ಲಿ ತಿಳಿಯುತ್ತಿತ್ತು.

ನಲವತ್ತು ದಾಟಿದವರಿಗೆ ಕಣ್ಣಿನೊಳಗಿನ ಮಸೂರ ತನ್ನ ಮೆತುತನವನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಎಳೆಯ ಕಣ್ಣಿನ ಮಸೂರ ಹತ್ತಿರದ ವಸ್ತುವನ್ನು ನೋಡುವಾಗ ತಾನೇ ಉಬ್ಬಿ ಹೊಂದಿಕೊಳ್ಳುತ್ತದೆ. ಬಿರುಸಾದ ಮಸೂರಕ್ಕೆ ಅದು ಆಗದು. ದೂರದ ಬಸ್ಸಿನ ಬೋರ್ಡು ಸರಿಯಾಗಿ ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಇದು ರೋಗವಲ್ಲ, ವಯಸ್ಸು. ನಮ್ಮ ಹಿರಿಯರು ಇದಕ್ಕೂ ಇದರ ಕನ್ನಡಕಕ್ಕೂ ಒಂದೇ ಹೆಸರಿಟ್ಟರು, ಚಾಳೀಸು ಎಂದು. ಹಿಂದಿಯವರ ನಲವತ್ತೇ ಅದು. ಪರೀಕ್ಷೆಗೆ ಅರ್ಧ ತಾಸು ಸಾಕು. ಆದರೆ ಆ ಅರ್ಧ ತಾಸು, ಹೋಗಿಬರುವ ದಾರಿ, ಕನ್ನಡಕ ತರಲು ಇನ್ನೊಂದು ಸಲ ಹೋಗುವುದು, ಎಲ್ಲವನ್ನೂ ಕಳೆಯಬೇಕಾದದ್ದು ಆ ಎರಡು ತಾಸಿನಿಂದಲೇ. ಸೀರೆ ಮುಗಿಯುವವರೆಗೆ ಹೇಗಾದರೂ ನಡೆಸೋಣವೆಂದು ಆಕೆಯ ಲೆಕ್ಕ.

ನಡೆಸಿದ ರೀತಿಯೂ ಸ್ವಾರಸ್ಯವಾದದ್ದು. ಬೆಳಿಗ್ಗೆ ಮಗ ಶಾಲೆಗೆ ಹೊರಡುವ ಮುಂಚೆ ಅವನಿಂದ ಸೂಜಿಗಳಿಗೆ ದಾರ ಪೋಣಿಸಿ, ಅರಿವೆಯ ತುಂಡಿನ ಮೇಲೆ ಸಾಲಾಗಿ ಚುಚ್ಚಿಡುವುದು. ಮೊದಲು ಎರಡೇ ಸೂಜಿ. ಹೋಳಿಹುಣ್ಣಿಮೆಯ ಹೊತ್ತಿಗೆ ಐದಾದವು.

“ಅಮ್ಮಾ, ಇವತ್ತ ಏಳು ಸೂಜಿ ಯಾಕ?”

“ಬಣ್ಣ ಬ್ಯಾರೆ ಬ್ಯಾರೆ ಬೇಕಾಗತಾವ. ನೀ ಪೋಣಿಸು ಮೊದಲ, ಬಸ್ ಬರತದ.”

“ಎಲ್ಲಾನೂ ಕೆಂಪ ಅವಲ್ಲ!”

ಆಕೆ ಡಬ್ಬಿಗೆ ರೊಟ್ಟಿ ಕಟ್ಟುವುದರಲ್ಲಿ ಮಗ್ನಳಾದಳು. ಹುಡುಗ ಆ ಸಂಜೆ ಈ ವಿಷಯವನ್ನು ಅಕ್ಕನಿಗೆ ಹೇಳಿದ. ಅಕ್ಕನ ತಲೆಯಲ್ಲಿ ಪರೀಕ್ಷೆ. ತಂದೆಗೂ ಹೇಳಿದ. ಬ್ಯಾಂಕಿನಲ್ಲಿ ಮಾರ್ಚ್ ತಿಂಗಳು. ಮನೆಯಲ್ಲಿ ಯಾರೂ ಕೆಟ್ಟವರಲ್ಲ; ಆದರೆ ತಾಯಿಯ ಕಣ್ಣು ತಮ್ಮನ್ನು ನೋಡುವುದಕ್ಕಿದೆ ಎಂದು ಅರಿತವರು, ಅದನ್ನು ತಾವು ನೋಡಬೇಕೆಂಬುದು ಹೊಳೆಯದವರು.

ಕಂಡುಹಿಡಿದವರು ಅತ್ತೆಯವರು, ಅದೂ ಕಣ್ಣಿನಿಂದಲ್ಲ. ಯುಗಾದಿಯ ಮರುದಿನ ಸೊಸೆ ಸೆರಗಿನ ದೊಡ್ಡ ಗೋಪುರವನ್ನು ತಂದು ತೋರಿಸಿದಾಗ ಮುದುಕಿ ರೇಡಿಯೋ ಸಣ್ಣದು ಮಾಡಿ, ರೂಢಿಯಂತೆ ಸೀರೆಯನ್ನು ತಿರುವಿ, ಹಿಂಬದಿಯ ಮೇಲೆ ಬೆರಳಾಡಿಸಿದರು. ನಾಲ್ಕನೆಯ ಮೆಟ್ಟಿಲಲ್ಲಿ ಬೆರಳು ನಿಂತಿತು.

“ಇದೇನು, ಇಲ್ಲೆ ಕೈಗೆ ಗಂಟು ಹತ್ತತದಲ್ಲ?”

“ಗಂಟಲ್ಲತ್ಯಾ, ದಾರ ಸ್ವಲ್ಪ ದಪ್ಪ ಅದ.”

“ದಾರ ದಪ್ಪಲ್ಲ, ನಿನ್ನ ಕಣ್ಣು ತೆಳ್ಳಗಾಗ್ಯಾವ. ನಾಳೆ ಹೋಗಿ ಚಾಳೀಸು ಹಾಕಿಸಿಕೊಂಡು ಬಾ. ಅಡಗಿ ನಾ ನೋಡಕೋತೀನಿ.”

ಗಂಟು ಇದ್ದದ್ದು ನಿಜ. ಬುಡದಲ್ಲಿ ಎಲ್ಲಿಯೋ ಒಂದು ಎಳೆ ತಪ್ಪಿತ್ತು. ಒಂದೇ ಎಳೆ. ಹೋದ ದಾರ ಮರಳಿ ಬಂದಾಗ ಸೇರಬೇಕಾದಲ್ಲಿ ಸೇರಲಿಲ್ಲ. ಸೇರಿದಂತೆ ಕಾಣಿಸಲು ಆಕೆ ಹಿಂದೊಂದು ಸಣ್ಣ ಗಂಟು ಹಾಕಿ ಮುಂದೆ ನಡೆದಿದ್ದಳು. ಅದರ ಮೇಲೆ ಒಂಬತ್ತು ಮಧ್ಯಾಹ್ನಗಳ ಗೋಪುರ ಎದ್ದಿತ್ತು.

ಮರುದಿನ ಅತ್ತೆಯವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು. ಅಂದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತೆಂದೂ, ಮೊಮ್ಮಗ ಅದನ್ನು ಎರಡು ಸಲ ಬಡಿಸಿಕೊಂಡು ಉಂಡನೆಂದೂ ಮನೆಯಲ್ಲಿ ವದಂತಿಯಿದೆ. ಯಜಮಾನರು ಸ್ಕೂಟರಿನಲ್ಲಿ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ದಾರಿಯಲ್ಲಿ ಒಂದೇ ಮಾತಾಡಿದರು: “ನನಗ ಮೊದಲ ಹೇಳಬೇಕಾಗಿತ್ತು ನೀ.” ಆಕೆ ಉತ್ತರ ಕೊಡಲಿಲ್ಲ. ಹೇಳಬೇಕಾದ ಹೊತ್ತು ಯಾವುದಿತ್ತೆಂದು ಅವರು ತಾವೇ ಯೋಚಿಸಿಕೊಂಡಿರಬೇಕು. ಬರುವಾಗ ಗಾಡಿಯನ್ನು ಪೇಢೆಯ ಅಂಗಡಿಯ ಮುಂದೆ ನಿಲ್ಲಿಸಿದರು.

ಕನ್ನಡಕ ಬಂದ ದಿನ ಆಕೆ ನೇರವಾಗಿ ಸೀರೆಯ ಬಳಿಗೆ ಹೋದಳೆಂದು ತಿಳಿಯಬೇಡಿರಿ. ಅಡಿಗೆಮನೆಯ ದಾರಿಯಲ್ಲಿ ಹಾದದ್ದೇ ತಪ್ಪಾಯಿತು. ಸಾಸಿವೆಯ ಡಬ್ಬಿಯ ಕಂಠದಲ್ಲಿ ಒಂದು ಕಪ್ಪು ಗೆರೆ, ಒಲೆಯ ಗುಂಡಿಗಳ ಸುತ್ತ ಇನ್ನೊಂದು, ಕಪಾಟಿನ ಹಿಡಿಕೆಯಲ್ಲಿ ಮಗದೊಂದು. ಇಷ್ಟು ದಿನ ಇದರ ನಡುವೆ ಅಡಿಗೆ ಮಾಡಿದೆನೇ ಎಂದು ಬೆಚ್ಚಿ, ಮೂರು ಮಧ್ಯಾಹ್ನ ಡಬ್ಬಿಗಳನ್ನು ಉಜ್ಜಿದಳು. ನಾಲ್ಕನೆಯ ದಿನ ಸೀರೆ ಹರವಿದಾಗ ಪಕ್ಕದಲ್ಲಿ ಓದುತ್ತಿದ್ದ ಮಗಳು ತಲೆಯೆತ್ತಿದಳು. ಕತ್ತರಿಯ ತುದಿ ಗೋಪುರದ ನೆತ್ತಿಯ ದಾರದ ಕೆಳಗಿತ್ತು.

“ಇರಲಿ ಬಿಡಮ್ಮಾ. ಮುಂದಿನಿಂದ ಏನೂ ಕಾಣೂದಿಲ್ಲ. ಯಾರು ತಿರುವಿ ನೋಡತಾರ?”

“ನೀ ನೋಡತೀಯಲ್ಲ.”

ದಾರ ಕತ್ತರಿಸಿತು. ಕೆಂಪು ಎಳೆಗಳು ಒಂದೊಂದಾಗಿ ಹೊರಬಂದು ಬಿಳಿಯ ಪಂಚೆಯ ಮೇಲೆ ಗುಂಪಾದವು. ಒಂಬತ್ತು ಮಧ್ಯಾಹ್ನ ಎಬ್ಬಿಸಿದ್ದನ್ನು ಬಿಚ್ಚಲು ಒಂದು ತಾಸೂ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳು ಪುಸ್ತಕವನ್ನು ಬೋರಲು ಹಾಕಿ, ಸೀರೆಯ ಇನ್ನೊಂದು ತುದಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅವಳಿಗೆ ಹೊಲಿಗೆ ಬಾರದು, ಎಣಿಸಲು ಬರುತ್ತದೆ. ಅವಳು ಎಳೆ ಎಣಿಸಿ ಹೇಳುವುದು, ತಾಯಿ ಸೂಜಿ ಹಾಕುವುದು ಎಂದಾಯಿತು. ಸೂಜಿಗಳೂ ಎರಡಕ್ಕಿಳಿದವು. ಪರೀಕ್ಷೆಯ ನಡುವಿನ ಬಿಡುವಿನ ದಿನಗಳಲ್ಲೆಲ್ಲ ಹೀಗೆಯೇ ನಡೆಯಿತು. ಎರಡನೆಯ ವಾರ ಬುಡದ ಮೆಟ್ಟಿಲುಗಳು ಒಂದರ ಮೇಲೊಂದು ಸರಿಯಾಗಿ ಕುಳಿತವು. ನಾಲ್ಕನೆಯ ಮೆಟ್ಟಿಲಲ್ಲಿ ಹೋದ ದಾರ ಬಂದ ದಾರವನ್ನು ಕೂಡಿತು. ಅತ್ತೆಯವರನ್ನು ಕರೆದು ಬೆರಳಾಡಿಸಲು ಕೊಟ್ಟರು. ಅವರು ಏನೂ ಹೇಳದೆ ರೇಡಿಯೋ ದೊಡ್ಡದು ಮಾಡಿದರು.

ಮೇ ತಿಂಗಳ ಕೊನೆಯ ವಾರ, ಗೋಪುರದ ಕಳಸಕ್ಕೆ ಇನ್ನು ಹನ್ನೊಂದು ಎಳೆ ಇತ್ತು. ಮಗಳು ‘ಎಂಟು, ಒಂಬತ್ತು’ ಎನ್ನುತ್ತಿದ್ದಾಗ ಓಣಿಯ ತುದಿಯಿಂದ ಕೂಗು ಎದ್ದಿತು. ತಾಯಿ ಕನ್ನಡಕವನ್ನು ತಲೆಗೇರಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿ, “ಒಂಬತ್ತು ಅಂತ ನೆನಪಿಡು” ಎಂದು ಹೇಳಿ ಕೊಡದ ಕಡೆಗೆ ಓಡಿದಳು.