ಇನ್ಸುಲಿನ್‌ನಿಂದ ಮಕ್ಕಳ ನರ ಹಾಳಾಗುತ್ತದೆಯೇ? ನಿಜ ಇಲ್ಲಿದೆ

‘ಇನ್ಸುಲಿನ್ ಚುಚ್ಚಿದರೆ ನರ ದುರ್ಬಲವಾಗುತ್ತದೆ, ಮಕ್ಕಳಿಗಂತೂ ಬೇಡವೇ ಬೇಡ’ ಎನ್ನುವ ಮಾತು ನಿಮ್ಮ ಫೋನಿಗೂ ಬಂದಿರಬಹುದು. ‘ಕಾಲು ಜೋಮು ಹಿಡಿಯುವುದು ವಯಸ್ಸಾದ ಸಕ್ಕರೆ ರೋಗಿಗಳಿಗೆ ಮಾತ್ರ’ ಎಂದು ನಂಬಿದವರೂ ಇದ್ದಾರೆ. ಎರಡೂ ತಪ್ಪು.

ಟೈಪ್ 1 ಮಧುಮೇಹ ಸಿಹಿ ತಿಂದು ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಹೀಗಾಗಿ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು.

ನರ ಹಾಳಾಗುವುದು ಹೇಗೆ?

ರಕ್ತದಲ್ಲಿ ಸಕ್ಕರೆ ಬಹಳ ಕಾಲ ಏರಿದ್ದರೆ ನರಗಳಿಗೂ, ಅವುಗಳಿಗೆ ರಕ್ತ ಒದಗಿಸುವ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಉದ್ದನೆಯ ನರಗಳು ಮೊದಲು ಸೊರಗುತ್ತವೆ. ಆದ್ದರಿಂದಲೇ ತೊಂದರೆ ಪಾದದಿಂದ ಶುರುವಾಗುತ್ತದೆ. ಮಕ್ಕಳಲ್ಲಿ ಇದು ಸದ್ದಿಲ್ಲದೆ ನಡೆಯುತ್ತದೆ. ನೋವು, ಜೋಮು ಯಾವುದೂ ಇಲ್ಲದಿದ್ದರೂ ಸಂಕೇತ ಸಾಗುವ ವೇಗ ತಗ್ಗಿರುವುದು ನರಗಳ ಪರೀಕ್ಷೆಯಲ್ಲಿ ಕಾಣಬಹುದು. ಹದಿಹರೆಯದಲ್ಲಿ ಹಾರ್ಮೋನುಗಳಿಂದಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಹತೋಟಿ ಇನ್ನೂ ಕಷ್ಟವಾಗುತ್ತದೆ.

ಇನ್ಸುಲಿನ್ ನರವನ್ನು ಕಾಯುತ್ತದೆ

ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಇರುವ 13ರಿಂದ 39 ವರ್ಷದ 1,441 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಒಂದು ಗುಂಪಿಗೆ ದಿನಕ್ಕೆ ಒಂದೆರಡು ಬಾರಿ ಇನ್ಸುಲಿನ್. ಇನ್ನೊಂದು ಗುಂಪಿಗೆ ಮೂರು ಅಥವಾ ಹೆಚ್ಚು ಬಾರಿ, ಇಲ್ಲವೇ ಪಂಪ್ ಮೂಲಕ. ಎರಡನೇ ಗುಂಪಿನಲ್ಲಿ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು, ನರದ ತೊಂದರೆ ಸುಮಾರು ಶೇ 60ರಷ್ಟು ಕಡಿಮೆ ಕಂಡಿತು.

ಹಾಗಾದರೆ ಈ ವದಂತಿ ಎಲ್ಲಿಂದ ಬಂತು? ಬಹಳ ದಿನ ಏರಿದ್ದ ಸಕ್ಕರೆ ಚಿಕಿತ್ಸೆಯಿಂದ ದಿಢೀರನೆ ಇಳಿದಾಗ ಕೆಲವರಿಗೆ ಕಾಲು ಉರಿ, ನೋವು ಬರುವುದುಂಟು. ಸಾಮಾನ್ಯವಾಗಿ ಇದು ಕೆಲವು ತಿಂಗಳಲ್ಲಿ ತಗ್ಗುತ್ತದೆ. ಇಂಥ ಅನುಭವದಿಂದಲೂ ಅನುಮಾನ ಹುಟ್ಟಬಹುದು. ಆಗ ವೈದ್ಯರಿಗೆ ತಿಳಿಸಿ, ಇನ್ಸುಲಿನ್ ಮಾತ್ರ ನಿಲ್ಲಿಸಬೇಡಿ.

ಪೋಷಕರು ಏನು ಮಾಡಬೇಕು?

• ಕಾಯಿಲೆ ಬಂದು 5 ವರ್ಷವಾಗಿದ್ದು, ಮಗುವಿಗೆ 10 ವರ್ಷ ತುಂಬಿದ್ದರೆ ಅಥವಾ ಪ್ರೌಢಾವಸ್ಥೆ ಶುರುವಾಗಿದ್ದರೆ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಮಾಡಿಸಿ. ನೈಲಾನ್ ಎಳೆಯಿಂದ ಒತ್ತಿ, ಶ್ರುತಿ ಕವೆ ತಾಗಿಸಿ ಸ್ಪರ್ಶಜ್ಞಾನ ನೋಡುತ್ತಾರೆ. ಇದರಿಂದ ನೋವಾಗುವುದಿಲ್ಲ.
• ಪಾದದಲ್ಲಿ ಉರಿ, ಇರುವೆ ಹರಿದಂಥ ಅನುಭವ, ಗಾಯವಾದರೂ ಗೊತ್ತಾಗದಿರುವುದು ಕಂಡರೆ ವರ್ಷದ ತಪಾಸಣೆಗೆ ಕಾಯಬೇಡಿ.
• ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.

ಹಾಗಲಕಾಯಿ ರಸ, ‘ಇನ್ಸುಲಿನ್ ಗಿಡ’ದ ಎಲೆ ಯಾವುದೂ ಟೈಪ್ 1 ಮಕ್ಕಳಿಗೆ ಇನ್ಸುಲಿನ್‌ಗೆ ಬದಲಿಯಲ್ಲ. ಇನ್ಸುಲಿನ್ ತಪ್ಪಿದರೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಶುರುವಾಗಿ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ, ಜೀವಕ್ಕೆ ಕುತ್ತು ಬರಬಹುದು. ‘ಇನ್ಸುಲಿನ್ ಬಿಡಿಸಿ’ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬುವ ಮನೆಯಲ್ಲಿ ಇಂಥ ಒಂದು ಮಗು ಇರಬಹುದು.