ಮನೆಮಾತು ಬಿಡಿಸಿದರೆ ಮಗು ಬೇಗ ಇಂಗ್ಲಿಷ್ ಕಲಿಯುತ್ತದೆಯೇ?

ಈ ಜೂನ್‌ನಲ್ಲಿ ನಮ್ಮ ಮನೆಯಿಂದ ಇಬ್ಬರು ಒಟ್ಟಿಗೆ ಎಲ್‌ಕೆಜಿಗೆ ಹೊರಟರು. ಒಬ್ಬ ಹಿರಿಯ ಮಗನ ಮಗ, ಇನ್ನೊಬ್ಬಳು ಕಿರಿಯವನ ಮಗಳು. ಹೊಸ ಬ್ಯಾಗು, ರೈನ್‌ಕೋಟು, ನೀರಿನ ಬಾಟ್ಲಿ ಎಲ್ಲ ತಯಾರು. ಜುಬೈಲಿನಲ್ಲಿರುವ ಹುಡುಗನ ತಂದೆ ಡ್ಯೂಟಿಗೆ ಹೋಗುವ ಮೊದಲೇ ವೀಡಿಯೊ ಕಾಲ್ ಮಾಡಿ ಯೂನಿಫಾರ್ಮ್ ನೋಡಿ ಖುಷಿಪಟ್ಟ.

ಅಳು ಇರುತ್ತದೆ ಅಂತ ಗೊತ್ತಿತ್ತು. ನಮ್ಮ ಕರಾವಳಿಯ ಜೂನ್ ಹೇಗೆ ಅಂತ ನಿಮಗೂ ಗೊತ್ತುಂಟಲ್ಲ, ಮೂರು ದಿನ ಶಾಲೆ, ಎರಡು ದಿನ ಮಳೆಗೆ ಜಿಲ್ಲಾಧಿಕಾರಿಯವರ ರಜೆ. ರಜೆಯ ಮರುದಿನ ಅಳು ಪುನಃ ಮೊದಲಿನಿಂದ. ಅದೂ ನಿಂತಿತು. ನಾವು ಎಣಿಸದೇ ಇದ್ದದ್ದು ಬೇರೆ. ಮನೆಯಲ್ಲಿ ಎದ್ದಲ್ಲಿಂದ ಮಲಗುವ ತನಕ ಬಾಯಿ ಮುಚ್ಚದ ಹುಡುಗ ಶಾಲೆಯಲ್ಲಿ ಮೂರು ವಾರ ಒಂದು ಶಬ್ದ ಆಡಲಿಲ್ಲ. ಎರಡು ಸಲ ಚಡ್ಡಿ ಒದ್ದೆ ಮಾಡಿಕೊಂಡು ಬಂದ. ಟಾಯ್ಲೆಟ್ಟಿಗೆ ಹೋಗಬೇಕಾದರೆ ಇಂಗ್ಲಿಷ್‌ನಲ್ಲಿ ಕೇಳಬೇಕು ಅಂತ ಹೇಳಿಕೊಟ್ಟಿದ್ದಾರೆ. ಅವನಿಗೆ ಆ ವಾಕ್ಯ ಬರುವುದಿಲ್ಲ, ಬರುವ ಮಾತಿನಲ್ಲಿ ಕೇಳಲು ಧೈರ್ಯ ಇಲ್ಲ. ಹುಡುಗಿ ಸ್ವಲ್ಪ ಜೋರು. ಹಸಿವಾದಾಗ 'ಚೋರು' ಅಂತ ಕೇಳಿದ್ದಾಳೆ. ಟೀಚರು ಹಾಸನದ ಕಡೆಯವರು, 'ಚೂರು' ಅಂತ ತಿಳಿದು ಬಿಸ್ಕತ್ತಿನ ಒಂದು ತುಂಡು ಮುರಿದು ಕೊಟ್ಟಿದ್ದಾರೆ. ಮನೆಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಯಾಕೋ ನಗು ಬರಲಿಲ್ಲ.

ಆ ವಾರವೇ ಡೈರಿಯಲ್ಲಿ ಬರೆದು ಬಂತು: ಮಗು ಮಾತಾಡುವುದಿಲ್ಲ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ. ಫೀಸು ಕಟ್ಟಿದವರು ನಾವು, ಶಾಲೆಯವರು ಹೇಳಿದ ಮೇಲೆ ಮುಗಿಯಿತು. ಮರುದಿನದಿಂದ ಮನೆಯಲ್ಲಿ 'ಕಮ್', 'ಸಿಟ್', 'ಈಟ್'. ಎಸೆಸೆಲ್ಸಿ ತನಕ ಕಲಿತ ತಾಯಂದಿರಿಗೆ ಅಷ್ಟರ ಆಚೆ ವಾಕ್ಯ ಮುಂದೆ ಹೋಗುವುದಿಲ್ಲ. ಮಕ್ಕಳ ಅಜ್ಜಿಗೆ ಬರುವುದು ಬ್ಯಾರಿ ಮತ್ತು ತುಳು. ತನ್ನ ಮಾತಿನಿಂದ ಮಕ್ಕಳು ಹಾಳಾಗುತ್ತಾರೋ ಅಂತ ಅವರು ಸುಮ್ಮನೆ ಕೂತರು. ರಾತ್ರಿ ಕಥೆ ಹೇಳುವುದು ನಿಂತಿತು. ಎರಡು ವಾರ ಕಳೆಯುವಾಗ ನಮಗೆ ಸಿಕ್ಕಿದ್ದು ಇಂಗ್ಲಿಷ್ ಅಲ್ಲ, ಮನೆಯಲ್ಲೂ ಮಾತಾಡದ ಹುಡುಗ.

ನಾವು ತಪ್ಪು ಮಾಡಿದೆವು, ಒಪ್ಪುತ್ತೇವೆ. ನಾಲ್ಕು ವರ್ಷದ ಮಗು ಒಂದು ಭಾಷೆಯನ್ನು ಚೆನ್ನಾಗಿ ಆಡಲು ಕಲಿತರೆ ಅದರ ಮೇಲೆ ಇನ್ನೊಂದು ನಿಲ್ಲುತ್ತದೆ. ಹೊಸ ಭಾಷೆಯ ಎದುರು ಮಕ್ಕಳು ಸ್ವಲ್ಪ ಕಾಲ ಬಾಯಿ ಕಟ್ಟಿ ಕೇಳುತ್ತಲೇ ಇರುತ್ತಾರೆ. ಅದು ದಡ್ಡತನ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಕಲಿಸಿ ಎನ್ನುತ್ತದೆ. 2020ರ ರಾಷ್ಟ್ರೀಯ ನೀತಿ ಕನಿಷ್ಠ ಐದನೇ ತರಗತಿವರೆಗೆ ಎನ್ನುತ್ತದೆ. ಬ್ಯಾರಿಯಲ್ಲಿ ಪಾಠ ಮಾಡಿ ಅಂತ ನಾವು ಕೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕು, ಗಲ್ಫಿಗೆ ಹೋದವರಿಗೆ ಅದರ ಬೆಲೆ ಗೊತ್ತು. ಅದಕ್ಕೆ ಉಮ್ಮನ ಬಾಯಿ ಮುಚ್ಚಿಸಬೇಕಾಗಿಲ್ಲ, ಅಷ್ಟೆ.

ಕೊನೆಗೆ ಟೀಚರನ್ನು ನೋಡಲು ಹೋದೆವು. ನೀರು, ಹಸಿವು, ಹೊಟ್ಟೆನೋವು, ಟಾಯ್ಲೆಟ್ಟು, ಉಮ್ಮ ಬೇಕು, ಇಂಥ ಹತ್ತು ಮಾತುಗಳ ಬ್ಯಾರಿ ರೂಪ ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟೆವು. ಟೀಚರು ಒಳ್ಳೆಯವರು ಮಾರಾಯ್ರೆ. ತಾವು ಈ ಊರಿಗೆ ಬಂದಾಗ ತಮ್ಮ ಮಗನೂ ತುಳು ಅರ್ಥವಾಗದೆ ಹೀಗೇ ಕೂತಿದ್ದ ಅಂದರು. ಚೀಟಿಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿದರು. ಇಪ್ಪತ್ತು ದಿನದೊಳಗೆ ಹುಡುಗ ಕೈ ಎತ್ತಿ ಕೇಳಲು ಶುರುಮಾಡಿದ, ಮೊದಲು ಬ್ಯಾರಿಯಲ್ಲಿ, ಆಮೇಲೆ ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಅಜ್ಜಿಯ ಕಥೆಯೂ ಪುನಃ ಶುರುವಾಗಿದೆ.

ನಮ್ಮ ಬೇಸರ ಇರುವುದು ಆ ಟೀಚರ ಮೇಲೆ ಅಲ್ಲ. ನಮ್ಮವರದೇ ಆಡಳಿತ ಇರುವ, ತರಗತಿ ತುಂಬ ಬ್ಯಾರಿ ಮಕ್ಕಳೇ ಇರುವ ಶಾಲೆಗಳಲ್ಲೂ ಇದೇ ಡೈರಿ, ಇದೇ ಸಾಲು. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲೇ ಬಂದಿದೆ. ವೇದಿಕೆಯಲ್ಲಿ ಭಾಷೆಯ ಅಭಿಮಾನದ ಭಾಷಣ ಮಾಡುವ ನಾವೇ ಎಲ್‌ಕೆಜಿಯ ಬಾಗಿಲಲ್ಲಿ ಅದನ್ನು ಚಪ್ಪಲಿಯ ಹಾಗೆ ಬಿಡಿಸುತ್ತೇವೆ. ಅಂಥ ಶಾಲೆಯಲ್ಲಿ ಬ್ಯಾರಿ ಬರುವ ಒಬ್ಬ ಆಯಾ ಅಥವಾ ಟೀಚರು ಜೂನ್, ಜುಲೈ ಎರಡು ತಿಂಗಳು ಸಣ್ಣ ಮಕ್ಕಳ ಜೊತೆ ಇದ್ದರೆ ಆಡಳಿತಕ್ಕೆ ಎಷ್ಟು ಖರ್ಚಾದೀತು?

ಇನ್ನೊಂದು ಮಾತು, ವಯಸ್ಸಿನದ್ದು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಬೇಕು ಎನ್ನುವುದು ಸರಕಾರದ ನಿಯಮ. 2025-26ಕ್ಕೆ ಯುಕೆಜಿ ಮುಗಿಸಿದವರಿಗೆ ಸ್ವಲ್ಪ ಸಡಿಲಿಸಿದ್ದರು. ಅಂದರೆ ಎಲ್‌ಕೆಜಿಗೆ ನಾಲ್ಕು ಸಾಕು. ಮೂರಕ್ಕೇ ತಳ್ಳುವುದು ಬೇಡ. ಅದೇ ವರ್ಷ ಬೆಳಗ್ಗೆ ಏಳಕ್ಕೆ ಮದ್ರಸಕ್ಕೂ ಎಬ್ಬಿಸುವ ಮನೆಗಳು ನಮ್ಮ ಸುತ್ತ ಉಂಟು. ನಾವು ಉಸ್ತಾದರ ಹತ್ತಿರವೇ ಕೇಳಿದೆವು. ಒಂದನೇ ತರಗತಿಯ ಹೊತ್ತಿಗೆ ಬಂದರೆ ಸಾಕು, ಅಲ್ಲಿಯತನಕ ಮನೆಯಲ್ಲಿ ಉಮ್ಮ ಹೇಳಿಕೊಡಲಿ ಅಂದರು.

ಬರುವ ಪೋಷಕರ ಸಭೆಯಲ್ಲಿ ಆ ಡೈರಿಯ ಸಾಲನ್ನು ಮುಂದಿನ ವರ್ಷದಿಂದ ತೆಗೆಯಿರಿ ಅಂತ ಕೇಳುವವರಿದ್ದೇವೆ. ಸದ್ಯಕ್ಕೆ ಏಳು ಮನೆಯವರು ಸೇರಿದ್ದೇವೆ. ಚೀಟಿಯ ಜೆರಾಕ್ಸ್ ಬೇಕಾದವರಿಗೆ ಕೊಡುತ್ತಿದ್ದೇವೆ.